ಕುಂಚದ ಅಕ್ಷರ

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನನ್ನು ಮೊದಲು ಮಾತನಾಡಿಸುವವು ಫಲಕಗಳು. 1942ರಲ್ಲಿ ಬ್ರಿಟಿಷರ ವಾಯುಪಡೆ ಹಾಕಿದ ಈ ನೆಲೆಗೆ 2017ರಲ್ಲಿ ಹೊಸ ಕಟ್ಟಡ ಬಂದಿತು. ಅಲ್ಲಿಯ ಯಂತ್ರಾಕ್ಷರಗಳು ಬಾಗಿಲೆಲ್ಲಿ, ಸಾಮಾನೆಲ್ಲಿ ಎಂಬುದನ್ನು ಚೊಕ್ಕವಾಗಿ ತಿಳಿಸುತ್ತವೆ. ಆದರೆ ದೇಶದ ಯಾವ ನಿಲ್ದಾಣದಲ್ಲಿ ನಿಂತರೂ ಅವುಗಳ ಮುಖಚರ್ಯೆ ಒಂದೇ. ಇಷ್ಟು ಆಧುನಿಕವಾದ ಸ್ಥಳದಲ್ಲಿಯೂ ಓಡುದಾರಿಯ ಎರಡು ತುದಿಗಳಲ್ಲಿರುವ 08, 26 ಎಂಬ ಅಂಕೆಗಳು ಮಾತ್ರ ನೆಲಕ್ಕೆ ಬಳಿದ ಬಣ್ಣವೇ. ದಿಕ್ಸೂಚಿಯ ಸುಮಾರು 80 ಮತ್ತು 260 ಡಿಗ್ರಿಗಳನ್ನು ಸೂಚಿಸುವ ಆ ಬರಹ ವಿಮಾನ ನಡೆಸುವವನ ಕಣ್ಣಿಗೆ ಇಂದಿಗೂ ಬೇಕು. ಬಣ್ಣದ ಬರಹಕ್ಕೆ ಅಲ್ಲಿರುವ ಮರ್ಯಾದೆ ಊರಿನ ಬೀದಿಯಲ್ಲಿ ಉಳಿದಿದೆಯೇ?

ಅಲ್ಲಿಂದ ಬೆಳಗಾವಿ ಸುಮಾರು 10 ಕಿಲೋಮೀಟರು. ಊರೊಳಗೆ ಖಡೇಬಜಾರಿನ ಕಡೆಗೆ ತಿರುಗಿದರೆ ಕಾಣುವುದು ಫ್ಲೆಕ್ಸಿನ ಸಂತೆ. ಅದನ್ನು ಹಳಿಯುವುದು ಸುಲಭ. ಆದರೆ ಚಿಕ್ಕ ಅಂಗಡಿಕಾರನ ಕಷ್ಟವನ್ನೂ ನೋಡಬೇಕಷ್ಟೆ. ಬೆಳಿಗ್ಗೆ ಹೇಳಿದರೆ ಸಂಜೆಗೆ ಸಿದ್ಧ, ಬೆಲೆಯೂ ಅಗ್ಗ, ಬೇಕಾದರೆ ಮಾಲೀಕನ ಭಾವಚಿತ್ರವೂ ಉಂಟು. 2016ರ ಮಾರ್ಚಿನಲ್ಲಿ ರಾಜ್ಯ ಸರಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತ್ತು. ಆದರೂ ಅದರ ಸಂತತಿ ಕ್ಷೀಣಿಸಿದಂತೆ ಕಾಣದು.

ಪೇಂಟರನ ಕೆಲಸದ ರೀತಿಯೇ ಬೇರೆ. ತಗಡಿಗೆ ಮೊದಲ ಬಣ್ಣ ಬಳಿದು ಒಣಗಿಸಿ, ಸುಣ್ಣದ ಪುಡಿ ಸವರಿದ ದಾರವನ್ನು ಬಿಗಿಹಿಡಿದು ಮೀಟಿ, ಗೆರೆ ಮೂಡಿಸಬೇಕು. ಸೀಮೆಸುಣ್ಣದಲ್ಲಿ ಅಕ್ಷರಗಳ ಹೊರರೇಖೆಯನ್ನು ಬರೆದು, ಎಡಗೈಯ ಕೋಲಿನ ಮೇಲೆ ಬಲಗೈಯನ್ನು ಊರಿ, ಎನಾಮಲ್ ಬಣ್ಣ ತುಂಬಬೇಕು. ಕೊನೆಗೆ ಒಂದು ಪಕ್ಕಕ್ಕೆ ನೆರಳು ಕೊಟ್ಟರೆ ಅಕ್ಷರ ತಗಡಿನಿಂದ ಎದ್ದು ನಿಲ್ಲುತ್ತದೆ.

ಬೆಳಗಾವಿಯ ಪೇಂಟರನಿಗೆ ಇನ್ನೊಂದು ಪರೀಕ್ಷೆಯೂ ಇತ್ತು. ಮರಾಠಿಯ ನಾಗರಿ ಲಿಪಿ ತಲೆಗೆರೆಯಿಂದ ಕೆಳಕ್ಕೆ ತೂಗುತ್ತದೆ. ಕನ್ನಡವು ಒತ್ತಕ್ಷರಗಳ ಮೂಲಕ ಗೆರೆಯ ಕೆಳಗೆ ಬೇರು ಬಿಡುತ್ತದೆ. ‘ವಸ್ತ್ರ’ ಎಂಬ ಎರಡಕ್ಷರದ ಪದಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕೆಂಬುದು ಕೈಗೆ ಗೊತ್ತಿರಬೇಕು. ಈ ಎರಡು ಲಿಪಿಗಳನ್ನು ಒಂದೇ ಹಲಗೆಯ ಮೇಲೆ, ಒಂದೇ ಡಬ್ಬಿಯ ಬಣ್ಣದಿಂದ, ಒಂದು ಇನ್ನೊಂದನ್ನು ತುಳಿಯದಂತೆ ಕೂರಿಸುವುದು ಅವನ ದಿನನಿತ್ಯದ ದುಡಿಮೆಯಾಗಿತ್ತು. ಭಾಷೆಯ ಜಗಳ ಎದ್ದಾಗಲೆಲ್ಲ ಫಲಕಗಳಿಗೆ ಮಸಿ ಬಳಿಯುವ ಗಡಿನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಫ್ಲೆಕ್ಸಿನ ಅಕ್ಷರಕ್ಕೆ ಈ ವಿವೇಕವಿಲ್ಲ. ಜಾಗ ಸಾಲದಿದ್ದರೆ ಗಣಕಯಂತ್ರದ ಮುಂದೆ ಕುಳಿತವನು ಅಕ್ಷರವನ್ನು ಹಿಂಡುತ್ತಾನೆ, ಹೆಚ್ಚಾದರೆ ಎಳೆಯುತ್ತಾನೆ. ಒತ್ತು ಸೊರಗುತ್ತದೆ, ತಲೆಕಟ್ಟು ಚಪ್ಪಟೆಯಾಗುತ್ತದೆ. 2024ರ ತಿದ್ದುಪಡಿಯಿಂದ ನಾಮಫಲಕದ ಮೇಲ್ಭಾಗದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ಕಾನೂನೇ ಆಯಿತು. ಕಾನೂನು ಅಕ್ಷರದ ಜಾಗವನ್ನು ಅಳೆಯಬಲ್ಲುದು. ಅಂದವನ್ನು ಅಳೆಯುವ ಗಜಕಡ್ಡಿ ಅದರ ಬಳಿಯಿಲ್ಲ. ಶೇಕಡಾ 60 ಕುರೂಪವಾದರೆ ನಷ್ಟ ಕನ್ನಡಕ್ಕೇ ತಾನೇ?

ಬೇರೆ ನಾಡುಗಳಲ್ಲಿಯೂ ಈ ಚಿಂತೆ ಉಂಟು. 2022ರಲ್ಲಿ ಮೆಕ್ಸಿಕೋ ನಗರದ ಒಂದು ವಿಭಾಗದಲ್ಲಿ ತಿಂಡಿಗಾಡಿಗಳ ಮೇಲಿನ ಕೈಬರಹವನ್ನೆಲ್ಲ ಅಳಿಸಿ ಒಂದೇ ಸರಕಾರಿ ಲಾಂಛನ ಹಾಕಿಸಿದಾಗ ನಾಗರಿಕರು ಪ್ರತಿಭಟಿಸಿದರು. ನಮ್ಮಲ್ಲಿ, 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿಯವರು ಬೀದಿ ಪೇಂಟರುಗಳ ಬರಹವನ್ನು ಗಣಕಯಂತ್ರದ ಅಕ್ಷರಮಾಲೆಗಳಾಗಿ ಉಳಿಸಲು ಹೊರಟರು. ಆಯಾ ಮಾಲೆಗೆ ಆಯಾ ಪೇಂಟರನ ಹೆಸರನ್ನೇ ಇಟ್ಟರು. ಯಂತ್ರಕ್ಕೆ ಕೈಯೇ ಗುರುವಾಗುವ ದಾರಿ ಇದು. ನಾಲ್ಕು ದಿನದ ಜಾಹೀರಾತು ಯಂತ್ರಕ್ಕಿರಲಿ. ವರ್ಷಗಟ್ಟಲೆ ನಿಲ್ಲಬೇಕಾದ ಅಂಗಡಿಯ ಹೆಸರು, ಶಾಲೆಯ ಗೋಡೆ, ಊರಿನ ಹೆಸರು ಹೊತ್ತ ಕಲ್ಲು ಕುಂಚಕ್ಕೆ ಉಳಿಯಲಿ.

ತಂದೆಯ ಬೆರಳು ಹಿಡಿದು ಬಜಾರಿಗೆ ಹೊರಟ ಮಗು ದಾರಿಯುದ್ದಕ್ಕೂ ಫಲಕಗಳನ್ನು ಕೂಡಿಸಿ ಕೂಡಿಸಿ ಓದುತ್ತದೆ. ಪುಸ್ತಕ ತೆರೆಯುವ ಮೊದಲೇ ಬೀದಿ ಅದಕ್ಕೆ ತೆರೆದಿರುತ್ತದೆ. ಆ ಮೊದಲ ಪಾಠದಲ್ಲಿ ಕನ್ನಡದ ಅಕ್ಷರ ಮೈತುಂಬಿಕೊಂಡು ನಿಂತಿರಬೇಕೆಂದು ಬಯಸುವುದು ದುಬಾರಿಯ ಆಸೆಯೇನಲ್ಲ. ಒಂದು ಡಬ್ಬಿ ಬಣ್ಣ, ಪಳಗಿದ ಒಂದು ಕೈ, ಎರಡು ದಿನದ ತಾಳ್ಮೆ ಇದ್ದರೆ ಸಾಕು.