ಭಾಗ 7: ಚಟ್ಲಿ ನೂಡಲ್ಸ್, 140 ರೂಪಾಯಿ

(1/3)

ಹೋದ ವಾರ ಸ್ಟೋರೀಲಿ ಹಾಕಿದ್ದ ಪ್ರಾನ್ಸ್ ನೂಡಲ್ಸ್ ಎಲ್ಲಿಯದು ಅಂತ ತುಂಬಾ ಜನ ಡಿಎಂ ಮಾಡಿದ್ರಿ. ಬೊಮ್ಮಸಂದ್ರ ಇಂಡಸ್ಟ್ರಿಯಲ್ ಏರಿಯಾ, ಗುರು. ಅಂಗಡಿಗೆ ಬೋರ್ಡ್ ಇಲ್ಲ. ಬೆಳಿಗ್ಗೆ ಟೀ, ಬನ್ನು. ಸಂಜೆ ಆರೂವರೆ ಆದ್ಮೇಲೆ ಅದೇ ಶೀಟಿನ ಕೆಳಗೆ ದೊಡ್ಡ ಒಲೆ ಹತ್ತುತ್ತೆ, ಫಾಸ್ಟ್ ಫುಡ್ ಶುರು. ಬೆಂಗಳೂರಲ್ಲಿ ಫಾಸ್ಟ್ ಫುಡ್ ಅಂದ್ರೆ ಬರ್ಗರ್ ಅಲ್ಲ, ಗೋಬಿ ಮತ್ತು ನೂಡಲ್ಸ್ ಅನ್ನೋದು ಊರಿಂದ ಬಂದ ನನ್ನಂಥವರಿಗೆ ಅರ್ಥ ಆಗೋಕೆ ಒಂದು ವಾರ ಬೇಕು.

ಎಗ್ 70, ಚಿಕನ್ 100, ಪ್ರಾನ್ಸ್ 140. ಫ್ಯಾಕ್ಟರಿ ಬಿಟ್ಟು ಬರೋರು ಹೆಚ್ಚಾಗಿ ಎಗ್ ತಗೋತಾರೆ. ಪ್ರಾನ್ಸ್ ಖಾಲಿ ಆಗೋದು ಸಂಬಳ ಆದ ವಾರ ಮಾತ್ರ.

ಮಾಡೋದನ್ನ ನಿಂತು ನೋಡಿ, ಮೊಬೈಲ್ ಒಳಗಿಡಿ. ನೂಡಲ್ಸ್ ಮೊದಲೇ ಬೇಯಿಸಿ ಎಣ್ಣೆ ಸವರಿ ಇಟ್ಟಿರ್ತಾರೆ. ಒಲೆ ಬುಸ್ಸ್ ಅನ್ನೋಕೆ ಶುರುವಾದ್ರೆ ಪಕ್ಕದವರ ಮಾತೂ ಕೇಳಲ್ಲ. ಬೆಳ್ಳುಳ್ಳಿ, ಮೊಟ್ಟೆ, ಎಲೆಕೋಸು, ಕ್ಯಾರೆಟ್ಟು, ನೂಡಲ್ಸು, ಸೋಯಾ ಸಾಸು, ವಿನೆಗರ್ರು, ಒಂದು ಚಿಟಿಕೆ ಟೇಸ್ಟಿಂಗ್ ಪೌಡರ್. ಎರಡು ನಿಮಿಷ. ಬಣ್ಣ ಹಾಕಲ್ಲ. 2024ರಲ್ಲಿ ಸರ್ಕಾರ ಮೊದಲು ಗೋಬಿಗೆ, ಆಮೇಲೆ ಕಬಾಬ್‌ಗೆ ಕೃತಕ ಬಣ್ಣ ನಿಷೇಧ ಮಾಡಿದ ಮೇಲೆ ಇಲ್ಲಿನ ಗೋಬಿ ಕೂಡ ಮಂಕಾಗಿದೆ. ನನಗೇನೂ ಬೇಜಾರಿಲ್ಲ.

ನಮ್ಮ ಗಂಗೊಳ್ಳಿ ಕಡೆ ಪ್ರಾನ್ಸ್‌ಗೆ ಚಟ್ಲಿ ಅಂತೀವಿ. ಒಂದು ಪ್ಲೇಟಲ್ಲಿ ಏಳು ಬರುತ್ತೆ, ಎಣಿಸಿದ್ದೀನಿ.

(2/3)

ಹೋದ ವರ್ಷ ಜೂನ್ ಕೊನೇಲಿ ಅಪ್ಪಯ್ಯ ಬಂದಿದ್ರು, ನನ್ನ ಫೀಸ್ ಕಟ್ಟೋಕೆ. ನಿಮಗೆ ಗೊತ್ತಿರ್ಬೇಕು, ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟ್ ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಮೀನು ಮರಿ ಹಾಕೋ ಕಾಲ. ನಾಡದೋಣಿಯವರಿಗೆ ವಿನಾಯಿತಿ ಇದೆ, ಟ್ರಾಲ್ ಬೋಟಿನವರಿಗಿಲ್ಲ. ಅಪ್ಪಯ್ಯ ಟ್ರಾಲ್ ಬೋಟಿನವರು. ಅವರಿಗೆ ತಿಂಗಳ ಸಂಬಳ ಇಲ್ಲ, ಪಾಲು. ಬೋಟ್ ದಡದಲ್ಲಿದ್ರೆ ಪಾಲೂ ಇಲ್ಲ.

ರಾತ್ರಿ ಬಸ್ಸಲ್ಲಿ ಮೆಜೆಸ್ಟಿಕ್, ಅಲ್ಲಿಂದ ಸಿಟಿ ಬಸ್ಸು. ಹಳದಿ ಮೆಟ್ರೊ ಶುರುವಾಗಿದ್ದು ಆಗಸ್ಟಲ್ಲಿ, ಹಾಗಾಗಿ ಸಿಲ್ಕ್ ಬೋರ್ಡ್ ದರ್ಶನ ಪೂರ್ತಿ ಸಿಕ್ತು ಅವರಿಗೆ. ಸಂಜೆ ಈ ಅಂಗಡಿಗೆ ಕರ್ಕೊಂಡು ಬಂದೆ. 'ಚಟ್ಲಿಗೆ ನೂರಾ ನಲ್ವತ್ತಾ?' ಅಂದ್ರು. ನಾನು ಕೊಡ್ತೀನಿ ಅಂದಿದ್ದಕ್ಕೆ ಸುಮ್ಮನಾದ್ರು.

ಮೊದಲನೇದನ್ನ ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಅಗಿದು, 'ಇದ್ ಸಮುದ್ರದ್ದಲ್ಲ ಮಗಾ' ಅಂದ್ರು. ನನಗೆ ನಗು ಬಂತು, ಆದ್ರೆ ಭಯ್ಯಾನ ಕೇಳಿದ್ರೆ ಹೌದಂತೆ! ನೆಲ್ಲೂರು ಕಡೆಯ ಕೆರೆಯದು, ಪ್ಯಾಕೆಟಲ್ಲಿ ಐಸ್ ಹಿಡಿದು ಬರುತ್ತೆ. ಆ ಜಾತಿಗೆ ವನ್ನಾಮೈ ಅಂತಾರೆ. ಮೂಲ ಮೆಕ್ಸಿಕೊ, ದಕ್ಷಿಣ ಅಮೆರಿಕದ ಪೆಸಿಫಿಕ್ ತೀರ. ನಮ್ಮ ದೇಶದಲ್ಲಿ ಸಾಕೋಕೆ ಅನುಮತಿ ಸಿಕ್ಕಿದ್ದು 2009ರಲ್ಲಿ. ಈಗ ಎಲ್ಲಕ್ಕಿಂತ ಜಾಸ್ತಿ ಬೆಳೆಯೋದು ಆಂಧ್ರ. ಕೆರೆಗೆ 61 ದಿನದ ರಜಾ ಇಲ್ಲ. ಮಳೆಗಾಲದಲ್ಲೂ ಬೊಮ್ಮಸಂದ್ರಕ್ಕೆ ಪ್ಯಾಕೆಟ್ ಬರ್ತಾನೇ ಇರುತ್ತೆ.

'ರುಚಿ ಇದೆ, ವಾಸನೆ ಇಲ್ಲ' ಅಂದ್ರು ಅಪ್ಪಯ್ಯ. ಅದು ಹೊಗಳಿಕೆಯೋ ದೂರೋ, ನೀವೇ ಹೇಳಿ.

ಆಮೇಲೆ ಮಾತು ಬೆಳೀತು. ಭಯ್ಯಾ ಪಶ್ಚಿಮ ಬಂಗಾಳದವರು, ದಿಘಾ ಹತ್ತಿರ. ಅವರೂ ಮೊದಲು ಬೋಟಿಗೆ ಹೋಗ್ತಿದ್ದವರೇ. ನನಗೆ ಎರಡು ವರ್ಷದಿಂದ ಪರಿಚಯ, ಒಂದು ದಿನವೂ ಇದನ್ನ ಹೇಳಿರ್ಲಿಲ್ಲ. ಅಪ್ಪಯ್ಯಂಗೆ ಬೋಟಲ್ಲಿ ಒಡಿಶಾ ಹುಡುಗರ ಜೊತೆ ಇದ್ದು ಇದ್ದು ಹಿಂದಿ ಬರುತ್ತೆ. ಇವರು ಚಟ್ಲಿ ಅಂದ್ರೆ ಅವರು ಚಿಂಗ್ರಿ ಅಂತಾರೆ. ಪೂರ್ವ ಕರಾವಳೀಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಂದ್ರೆ ನಮ್ಮ ಸಮುದ್ರ ಮುಚ್ಚಿದ್ದ ಆ ಸಂಜೆ ಭಯ್ಯಾನ ಅಣ್ಣ ಅಲ್ಲಿ ಬಲೆ ಹಾಕ್ತಿದ್ರು. 'ನೀವ್ಯಾಕೆ ಬಿಟ್ರಿ?' ಅಂತ ಅಪ್ಪಯ್ಯ ಕೇಳಿದ್ರು. 'ಇಲ್ಲಿ ದಿನಾ ದುಡ್ಡು ಕಣ್ಣಿಗೆ ಕಾಣ್ಸುತ್ತೆ ಅಂಕಲ್' ಅಂದು ಭಯ್ಯಾ ಮುಂದಿನ ಆರ್ಡರ್‌ಗೆ ಮೊಟ್ಟೆ ಒಡೆದ್ರು.

(3/3)

ಪಕ್ಕದ ಸ್ಟೂಲಲ್ಲಿ ಒಬ್ಬ ಸೆಕ್ಯೂರಿಟಿ ಅಣ್ಣ ಎಗ್ ನೂಡಲ್ಸ್ ತಿಂತಾ ಇದ್ರು. ರಾಯಚೂರಿನವರು. ಅಪ್ಪಯ್ಯ ತಟ್ಟೆ ಕೆಳಗಿಟ್ಟು ನೇರ ಕೇಳಿಬಿಟ್ರು: 'ನಿಮ್ಗೆ ಇಲ್ಲಿ ಎಷ್ಟ್ ಕೊಡ್ತ್ರ್?'

ಹದಿನೆಂಟು ಸಾವಿರ. ಹನ್ನೆರಡು ಗಂಟೆ ಡ್ಯೂಟಿ. ವಾರಕ್ಕೊಂದು ರಜಾ ಅಂತ ಹೇಳ್ತಾರೆ, ಸಿಗೋದು ಕಷ್ಟ.

ಅಪ್ಪಯ್ಯ ಲೆಕ್ಕ ಹಾಕ್ತಾ ಇದ್ರು. ಅವರ ಲೆಕ್ಕ ನನಗೆ ಗೊತ್ತು. ನಿಷೇಧದ ತಿಂಗಳುಗಳಿಗೆ ಸರ್ಕಾರದ ಉಳಿತಾಯ-ಪರಿಹಾರ ಯೋಜನೆ ಇದೆ: ಮೀನುಗಾರರು ಸ್ವಲ್ಪ ಕಟ್ಟಿದ್ರೆ ಕೇಂದ್ರ, ರಾಜ್ಯ ತಮ್ಮ ಪಾಲು ಸೇರಿಸಿ ಕೊಡ್ತಾರೆ. ಅದು ನನ್ನ ಪಿಜಿಯ ಒಂದು ತಿಂಗಳಿಗೂ ಸಾಲಲ್ಲ. ಆದ್ರೆ ಒಳ್ಳೆ ಸೀಸನ್ ಬಂದ್ರೆ ಅಪ್ಪಯ್ಯ ಒಂದೇ ವಾರದಲ್ಲಿ ಹದಿನೆಂಟು ಸಾವಿರ ತಂದಿದ್ದೂ ಉಂಟು. ಬರದೇ ಹೋದ್ರೆ ಅಮ್ಮ ಸಂಘದಲ್ಲಿ ಸಾಲ ತಗೋತಾರೆ.

ನಾಲ್ಕೂವರೆಗೆ ಎದ್ದು ಅಲೆ ನೋಡಿ ಗಾಳಿ ಎತ್ತ ಅಂತ ಹೇಳೋ ಮನುಷ್ಯ ಗೇಟಲ್ಲಿ ಕೂತು ಗಾಡಿ ನಂಬರ್ ಬರೆಯೋದನ್ನ ನನಗೆ ಊಹಿಸೋಕೂ ಆಗ್ಲಿಲ್ಲ. ಹಾಗಂತ 'ಬೇಡ' ಅಂತ ಹೇಳೋಕೂ ಬಾಯಿ ಬರ್ಲಿಲ್ಲ. ಅವರ ಮೊಣಕಾಲು ಎರಡು ವರ್ಷದಿಂದ ನೋಯ್ತಿದೆ. ಊರಲ್ಲಿ ಕೂತು 'ಸಮುದ್ರ ಬಿಡ್ಬೇಡಿ' ಅನ್ನೋ ಹಕ್ಕು ಪಿಜಿಯಲ್ಲಿ ಎಸಿ ಲ್ಯಾಬಿಗೆ ಹೋಗಿಬರೋ ನನಗೆ ಇದೆಯಾ? ನೀವಾಗಿದ್ರೆ ಏನು ಹೇಳ್ತಿದ್ರಿ? ಕಾಮೆಂಟಲ್ಲಿ ಹೇಳಿ, ನಿಜವಾಗ್ಲೂ ಕೇಳ್ತಿದ್ದೀನಿ.

ಆಗಸ್ಟಲ್ಲಿ ಅವರು ಮತ್ತೆ ಬೋಟಿಗೆ ಹೋದ್ರು. ಈಗ ಮೇ ತಿಂಗಳು, ಇನ್ನೇನು ಬೋಟ್ ದಡ ಸೇರುತ್ತೆ. ಮೊನ್ನೆ ಫೋನಲ್ಲಿ ಮಳೆ, ಅಜ್ಜಿ, ಫೀಸು ಎಲ್ಲಾ ಮುಗಿದ್ಮೇಲೆ, 'ಆ ಗೇಟಿನವ್ರ ನಂಬರ್ ಇತ್ತಾ ನಿನ್ ಹತ್ರ?' ಅಂತ ಕೇಳಿದ್ರು. ಇದೆ ಅಂದೆ. ಕಳ್ಸು ಅಂದ್ರು. ಕಳಿಸಿದೆ.

ಅಂಗಡಿಗೆ ಹೋಗೋರಿಗೆ ಒಂದು ಮಾತು: ಪ್ರಾನ್ಸ್ ಕೊನೇಲಿ ಹಾಕಿ ಅಂತ ಹೇಳಿ. ಮೊದಲೇ ಹಾಕಿದ್ರೆ ರಬ್ಬರ್ ಆಗುತ್ತೆ. ಇದು ಅಪ್ಪಯ್ಯ ಆವತ್ತು ಭಯ್ಯಾಗೆ ಹೇಳಿಕೊಟ್ಟಿದ್ದು, ಜನ ಜಾಸ್ತಿ ಇದ್ರೆ ಭಯ್ಯಾ ಮರೀತಾರೆ. ಭಾನುವಾರ ರಜಾ. ಏಳಕ್ಕೆ ಮುಂಚೆ ಹೋದ್ರೆ ಸ್ಟೂಲ್ ಸಿಗುತ್ತೆ.

#ಬೊಮ್ಮಸಂದ್ರ #ಗಂಗೊಳ್ಳಿ #ಚಟ್ಲಿ