ಕಿಗ್ಗದ ಜಗಲಿಯಲ್ಲಿ

ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು 10 ಕಿ.ಮೀ. ದಾರಿ. ಗದ್ದೆ, ಅಡಕೆಯ ತೋಟ, ಕಾಡುಗಳನ್ನು ದಾಟಿ ನರಸಿಂಹಪರ್ವತದ ತಪ್ಪಲನ್ನು ಮುಟ್ಟಿದರೆ ಋಷ್ಯಶೃಂಗೇಶ್ವರನ ಆಲಯವು ಎದುರಾಗುವುದು. ವಿಭಾಂಡಕಪುತ್ರನಾದ ಆ ಮುನಿಯು ಕಾಲಿಟ್ಟೊಡನೆ ರೋಮಪಾದನ ಅಂಗದೇಶದಲ್ಲಿ ಮಳೆ ಸುರಿದ ಕಥೆಯನ್ನು ಬಾಲಕಾಂಡವನ್ನೋದಿದ ವಾಚಕರೆಲ್ಲರೂ ಬಲ್ಲರು. ಅನಾವೃಷ್ಟಿಯಾದಾಗ ಮಳೆ ಬರಲೆಂದೂ ಅತಿವೃಷ್ಟಿಯಾದಾಗ ಅದು ನಿಲ್ಲಲೆಂದೂ ಜನರು ಬೇಡಿಕೊಳ್ಳುವುದು ಈ ಒಬ್ಬನನ್ನೇ. ಈ ಸಲ ನಾನು ಹೋದದ್ದು ಎರಡಕ್ಕೂ ಅಲ್ಲ. ನನ್ನದೇ ಒಂದು ಹಳೆಯ ತಪ್ಪನ್ನು ತಿದ್ದುವುದಕ್ಕೆ.

1988ರಲ್ಲಿ, ಉಪಾಧ್ಯಾಯವೃತ್ತಿಯ ಹೊಸತರಲ್ಲಿ, ಇಲ್ಲಿನ ಸ್ನೇಹಿತರೊಬ್ಬರ ತಾಯಿಯು ಜಗಲಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಾಗ ಅವರ ಛಾಯಾಚಿತ್ರವನ್ನು ತೆಗೆದಿದ್ದೆನು. ಬಚ್ಚಲುಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡು ನಾನೇ ಅದನ್ನು ಮುದ್ರಿಸಿದೆನು. ನೀರಿನ ಅಭಾವದಿಂದ ತೊಳೆಯುವುದನ್ನು ಮಾತ್ರ ಬೇಗ ಮುಗಿಸಿಬಿಟ್ಟೆನು. ಮರುವರ್ಷ ಆ ತಾಯಿಯು ತೀರಿಕೊಂಡರು. ಮೂಲ ಫಿಲ್ಮನ್ನು ಗೆದ್ದಲು ತಿಂದಿತು. ಗೋಡೆಯ ಮೇಲೆ ಉಳಿದ ಆ ಒಂದೇ ಪಟವು ಈಚೆಗೆ ಹಳದಿಯಾಗಿ, ಮುಖವೇ ಮಾಸತೊಡಗಿತ್ತು. ಸ್ನೇಹಿತರು ದೋಷವನ್ನು ಮಲೆನಾಡಿನ ತೇವದ ಮೇಲೆ ಹೊರಿಸಿದರು. ತೇವವೂ ಕಾರಣವೇ ಸರಿ; ಆದರೆ ಕಾಗದದಲ್ಲಿ ಉಳಿದ ಹೈಪೋ ಕ್ರಮೇಣ ಕೊಳೆತು, ಅದರ ಗಂಧಕವು ಚಿತ್ರದ ಬೆಳ್ಳಿಯನ್ನು ತಿನ್ನುವುದು. ಅಟ್ಟದಲ್ಲಿಟ್ಟ ಬೆಳ್ಳಿಯ ಕಾಲಂದುಗೆಯು ಕಪ್ಪಾಗುವುದೂ ಇದೇ ಬಗೆಯ ಸಂಗತಿ.

ಹಳದಿಗಟ್ಟಿದ ಪಟವನ್ನು ನೀಲಿ ಗಾಜಿನ ಮೂಲಕ ಪುನಃ ಫಿಲ್ಮಿಗಿಳಿಸಿದರೆ ಮಾಸಿದ ಭಾಗವು ಗಾಢವಾಗಿ ಮೂಡುವುದು. ಹಾಗೆ ಪ್ರತಿ ತೆಗೆದು, ಊರಿನಲ್ಲಿ ನಾಲ್ಕು ಹೊಸ ಮುದ್ರಣಗಳನ್ನು ಮಾಡಿ, ವರ್ಣಾಂತರದ ಕೆಲಸವನ್ನು ಮಾತ್ರ ಕಿಗ್ಗಕ್ಕೆಂದು ಮೀಸಲಿಟ್ಟೆನು. ಅದಕ್ಕೆ ಕತ್ತಲೆ ಬೇಡ, ಹೇರಳವಾಗಿ ನೀರು ಬೇಕು. ಇವರ ಹಿತ್ತಲಿನ ತೊಟ್ಟಿಗೆ ಗುಡ್ಡದ ನೀರು ಹಗಲಿರುಳೂ ಬೀಳುತ್ತದೆ. ಇನ್ನೊಂದು ಕಾರಣವೂ ಉಂಟು. ಸೋಡಿಯಂ ಸಲ್ಫೈಡಿನ ದ್ರಾವಣವು ಕೊಳೆತ ಮೊಟ್ಟೆಯಂತೆ ನಾರುವುದು. ಅದರ ಆವಿಯು ವಿಷಕರವಾದುದರಿಂದ ತೆರೆದ ಬಯಲಲ್ಲೇ ಕೆಲಸ ಮಾಡಬೇಕು. ಆಮ್ಲವನ್ನಂತೂ ಅದರ ಹತ್ತಿರ ಸುಳಿಯಗೊಡಬಾರದು. ನನ್ನ ನೆರೆಯವರು ಇದನ್ನು ಸಹಿಸುವವರಲ್ಲ.

ಒಂದು ಲೀಟರು ನೀರಿನಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 50 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 50 ಗ್ರಾಂ ಕರಗಿಸಿ, ಮೊದಲ ಪಟವನ್ನು ಅದರಲ್ಲಿ ಮುಳುಗಿಸಿದೆನು. ಬೆಳ್ಳಿಯು ಬ್ರೋಮೈಡಾಗಿ ಮಾರ್ಪಟ್ಟಂತೆ ಸೀರೆಯ ಅಂಚು ಹೋಯಿತು, ಕೈಯ ಬತ್ತಿ ಹೋಯಿತು, ಕೊನೆಗೆ ಮುಖವೂ ಕರಗಿ ಮಸಕು ಹಳದಿಯ ನೆರಳೊಂದೇ ಉಳಿಯಿತು. ಬಾಗಿ ನೋಡುತ್ತಿದ್ದ ಸ್ನೇಹಿತರು, “ಇದೇನು ಮಾಡಿದಿರಿ ಮೇಷ್ಟ್ರೇ! ಅಮ್ಮ ಮತ್ತೆ ಹೋಗಿಬಿಟ್ಟಳಲ್ಲ!” ಎಂದು ನನ್ನ ಕೈ ಹಿಡಿದರು. ಹೀಗಾಗುವುದೆಂದು ಬಲ್ಲವನಾದರೂ ನನ್ನ ಎದೆಯೂ ಒಮ್ಮೆ ಹಾರಿತು. ಕಾಗದದ ಹಳದಿಯ ಕಲೆಯು ಹೋಗುವವರೆಗೆ ತೊಟ್ಟಿಯಲ್ಲಿ ತೊಳೆದು, ಸಲ್ಫೈಡಿನಲ್ಲಿ ಇಳಿಬಿಟ್ಟೆನು. ಕ್ಷಣಮಾತ್ರದಲ್ಲಿ ಕಣ್ಣು, ಹಣೆಯ ಕುಂಕುಮ, ಬತ್ತಿ, ಎಲ್ಲವೂ ಒಣಗಿದ ಅಡಕೆಯ ಬಣ್ಣದಲ್ಲಿ ಮೇಲೆದ್ದು ಬಂದುವು. ಸ್ನೇಹಿತರು ಮಾತನಾಡಲಿಲ್ಲ, ಒಳಗೆ ಹೋಗಿ ತಮ್ಮ ಅಕ್ಕನನ್ನು ಕರೆತಂದರು.

ಹಳೆಯ ಪಟವನ್ನು ಕೆಡಿಸಿದ ಗಂಧಕವೇ ಹೊಸದನ್ನು ಕಾಯಬೇಕಾಗಿರುವುದು ವಿಚಿತ್ರವೆನಿಸಬಹುದು. ಬೆಳ್ಳಿಯನ್ನು ಬೇಕೆಂದೇ, ಪೂರ್ಣವಾಗಿ, ಗಂಧಕದೊಡನೆ ಕೂಡಿಸಿಬಿಟ್ಟರೆ ಗಾಳಿಯ ಗಂಧಕಕ್ಕೆ ಅಲ್ಲಿ ಮಾಡುವುದಕ್ಕೆ ಕೆಲಸವೇ ಉಳಿಯದು. ಸೆಲೀನಿಯಮ್ ಮತ್ತು ಚಿನ್ನದ ಲವಣಗಳೂ ಬೆಳ್ಳಿಗೆ ರಕ್ಷೆ ಕೊಡುತ್ತವೆ. ಫ್ರೆಂಚ್ ವಿದ್ವಾಂಸನಾದ ಫಿಜೋ 1840ರಲ್ಲಿಯೇ ಡಾಗೆರೋಟೈಪು ಪಟಗಳಿಗೆ ಚಿನ್ನದ ಲೇಪವನ್ನು ಕೊಟ್ಟಿದ್ದನು. ಕಬ್ಬಿಣದ ಲವಣವು ನೀಲಿ ಬಣ್ಣ ಕೊಡುವುದು, ಆದರೆ ತಾಯಿಯನ್ನು ನೀಲಿಯಾಗಿ ನೋಡಲು ಯಾರು ಒಪ್ಪುವರು?

ಈ ಸಲ ತೊಳೆಯುವುದರಲ್ಲಿ ಅವಸರ ಮಾಡಲಿಲ್ಲ. ಒಂದು ಗಂಟೆಗೂ ಮಿಕ್ಕಿ ಪಟಗಳು ಹರಿಯುವ ನೀರಿನಲ್ಲೇ ಇದ್ದುವು. ಒಣಗಲು ಮಾತ್ರ ಎರಡು ದಿನ ಹಿಡಿಯಿತು. ಮಧ್ಯೆ ಋಷ್ಯಶೃಂಗನು ತನ್ನ ಕೆಲಸವನ್ನು ತಪ್ಪದೆ ಮಾಡಿದನು. ಹೊರಡುವ ದಿನ, ಹಳೆಯ ಪಟವನ್ನು ಕೆಳಗಿಳಿಸಿ ಅದೇ ಕಟ್ಟಿಗೆ ಹೊಸದನ್ನು ಸೇರಿಸೋಣವೆಂದೆನು. ಅಕ್ಕನವರು ಒಪ್ಪಲಿಲ್ಲ. “ಅದರ ಮುಂದೆ ಇಷ್ಟು ವರ್ಷ ದೀಪ ಹಚ್ಚಿದ್ದೇವೆ, ಅದೂ ಇರಲಿ,” ಎಂದರು. ಹೊಸದಕ್ಕೆ ಶೃಂಗೇರಿಯಲ್ಲಿ ಬೇರೆ ಕಟ್ಟು ಹಾಕಿಸಿದ್ದಾರೆ. ಈಗ ಎರಡೂ ಒಂದರ ಪಕ್ಕದಲ್ಲೊಂದು ತೂಗುತ್ತಿವೆ.