ಹಾಡಿಗಾಗಿ ಕಟ್ಟಿದ ಊರು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲಾ ಮಕ್ಕಳು ಪ್ರವಾಸಕ್ಕೆಂದು ವಿಜಯಪುರಕ್ಕೆ ಹೋದರೆ ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಬಸ್ಸು ಹತ್ತುತ್ತಾರೆ. ಆ ಗುಮ್ಮಟ ಮಗನದು. ನನಗೆ ಪ್ರಿಯನಾದವನು ತಂದೆ, 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ.

ಯೂರೋಪಿನಲ್ಲಿ ಬರೋಕ್ ಸಂಗೀತ ಹುಟ್ಟುತ್ತಿದ್ದ ಕಾಲವದು. 1613ರಲ್ಲಿ ವೆನಿಸ್ ಸೇರಿದ ಮಾಂಟೆವರ್ಡಿಯನ್ನು ಆ ನಗರ ಹೇಗೆ ಬೆಳೆಸಿತೆಂದು ಪುಸ್ತಕಗಳೇ ಇವೆ. ಅದೇ ಹೊತ್ತಿಗೆ ನಮ್ಮ ಭೀಮೆಯ ಆಚೆಗಿನ ಬಿಜಾಪುರವೂ ಒಬ್ಬ ವಾಗ್ಗೇಯಕಾರನನ್ನು ಬೆಳೆಸುತ್ತಿತ್ತು.

ಪಾರಸಿ, ಮರಾಠಿ, ಕನ್ನಡ, ದಖನಿ ಎಲ್ಲವೂ ಕಿವಿಗೆ ಬೀಳುವ ಊರು. ಬಾಲ್ಯದಲ್ಲೇ ಪಟ್ಟವೇರಿದ ಹುಡುಗ ಅಲ್ಲಿಯೇ ದೊಡ್ಡವನಾದ. ಹಾಗೆಂದೇ ಅವನ ‘ಕಿತಾಬ್-ಎ-ನೌರಸ್’ ಆಸ್ಥಾನದ ಪಾರಸಿಯಲ್ಲಿಲ್ಲ, ದಖನಿಯಲ್ಲಿದೆ. ರಾಗಗಳ ಹೆಸರಿನಡಿ 59 ಹಾಡು, ಜತೆಗೆ 17 ದೋಹೆ. ಸರಸ್ವತಿ, ಗಣಪತಿಯರ ಪಕ್ಕದಲ್ಲೇ ನಮ್ಮ ಕಲಬುರಗಿಯ ಬಂದೇನವಾಜರ ಸ್ತುತಿ! ಮೋತಿಖಾನ ಎಂದು ಹೆಸರಿಟ್ಟ ತಂಬೂರಿಯನ್ನೂ ಅವನು ಮರೆತಿಲ್ಲ. ಮೊಗಲ್ ದೂತ ಅಸದ್ ಬೇಗ್ ಬಂದಾಗ, ಗಾಯನದಲ್ಲಿ ಮುಳುಗಿದ್ದ ಸುಲ್ತಾನನಿಗೆ ಮಾತಿನ ಮೇಲೆ ಗಮನವೇ ಇರಲಿಲ್ಲವಂತೆ. ರಾಜಕಾರ್ಯಕ್ಕೆ ಇದು ಸಲ್ಲದು ಎನ್ನುವವರು ಎನ್ನಲಿ.

1599ರಲ್ಲಿ ತೊರವಿಯ ಬಳಿ ನೌರಸಪುರವೆಂಬ ಹೊಸ ಊರನ್ನೇ ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಗುಮ್ಮಟ ನೋಡಿದ ಮಕ್ಕಳನ್ನು ಪಾಲಕರು, ಮಾಸ್ತರರು ಅಲ್ಲಿಗೂ ಕರೆದೊಯ್ಯಬೇಕು; ದೂರವೇನಿಲ್ಲ. ಸಂಗೀತ ಮಹಲಿನ ಕಮಾನು ಪಾಳುಬಿದ್ದರೂ ನಿಂತಿದೆ. ಹಾಡುಗಳ ಅಕ್ಷರ ಉಳಿದಿದೆ, ರಾಗಗಳ ಹೆಸರೂ ಉಳಿದಿದೆ. ಅವನು ಹಾಡುತ್ತಿದ್ದ ಧಾಟಿಯನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.